ಕ್ರಾಯ್ಡನ್ನಿನ ಚರಂಡಿ: ವಿಕ್ಟೋರಿಯಾ ಕಾಲದ ಉಪನಗರಗಳು ನೈರ್ಮಲ್ಯ ಕಲಿತ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನ ಹೊರವಲಯದ ಮನೆಯೊಂದಕ್ಕೆ ನೈರ್ಮಲ್ಯ ಪರಿವೀಕ್ಷಕ ಬಂದನೆಂದರೆ, ಅವನ ಚೀಲದಲ್ಲಿ ಪೆಪ್ಪರ್‌ಮಿಂಟ್ ಎಣ್ಣೆಯ ಸಣ್ಣ ಶೀಸೆ ಇರುವುದುಂಟು. ಕಕ್ಕಸಿನ ಕೊಳವೆ ಮಾಡಿನ ಮೇಲೆ ಬಾಯಿ ತೆರೆಯುವ ಕಡೆ ಒಬ್ಬನು ಹತ್ತಿ ನಿಂತು, ಆ ಎಣ್ಣೆಯನ್ನು ಕೊಳವೆಗೆ ಸುರಿದು, ಹಿಂದೆಯೇ ಒಂದು ಬಕೆಟ್ ಬಿಸಿನೀರು ಹೊಯ್ದು, ಬಾಯಿಯನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚುತ್ತಿದ್ದನು. ಎಣ್ಣೆಯ ವಾಸನೆ ಅವನ ಕೈಗೂ ಬಟ್ಟೆಗೂ ಅಂಟಿರುತ್ತಿದ್ದುದರಿಂದ ಪರೀಕ್ಷೆ ಮುಗಿಯುವವರೆಗೆ ಅವನು ಮನೆಯೊಳಗೆ ಕಾಲಿಡುವಂತಿರಲಿಲ್ಲ. ಒಳಗಿದ್ದ ಇನ್ನೊಬ್ಬನು ಅಡುಗೆಮನೆ, ನೆಲಮಾಳಿಗೆ, ಮಲಗುವ ಕೋಣೆ ಎಂದು ಒಂದೊಂದನ್ನೇ ಹೊಕ್ಕು ಮೂಸಿ ನೋಡುತ್ತಿದ್ದನು. ಎಲ್ಲಾದರೂ ಪೆಪ್ಪರ್‌ಮಿಂಟ್ ಘಮಿಸಿತೋ, ಅಲ್ಲಿ ಕೊಳವೆಯ ಕೀಲು ಬಿಟ್ಟಿದೆ ಅಥವಾ ಕಕ್ಕಸಿನ ಕೆಳಗಿನ ಬಾಗಿದ ಕೊಳವೆಯಾದ ಟ್ರ್ಯಾಪ್‌ನಲ್ಲಿ ನೀರು ನಿಂತಿಲ್ಲ, ಚರಂಡಿಯ ಗಾಳಿ ಮನೆಗೆ ನುಗ್ಗುತ್ತಿದೆ ಎಂದೇ ಅರ್ಥ.

ಒಬ್ಬ ಸರ್ಕಾರಿ ನೌಕರ ಖಾಸಗಿ ಮನೆಯ ಮಲಗುವ ಕೋಣೆಯವರೆಗೆ ಬಂದು ಮೂಸಿ ನೋಡುವ ಅಧಿಕಾರ ಪಡೆದದ್ದು ಒಂದೇ ದಿನದಲ್ಲಿ ಆದದ್ದಲ್ಲ. ಅದರ ಹಿಂದೆ ಸುಮಾರು 40 ವರ್ಷಗಳ ಕಾನೂನು, ಸಾಲ, ಮೊಕದ್ದಮೆ ಮತ್ತು ಸಾವುಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಲಂಡನ್ ನಗರದ ಮಹಾ ಒಳಚರಂಡಿಗಳ ಮೂಲಕ ಹೇಳುವುದು ವಾಡಿಕೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದ್ದು, ಜೋಸೆಫ್ ಬ್ಯಾಜಲ್ಗೆಟ್ ಎಂಬ ಎಂಜಿನಿಯರ್ 82 ಮೈಲಿ ಉದ್ದದ ಮುಖ್ಯ ಒಳಚರಂಡಿಗಳನ್ನು ಕಟ್ಟಿಸಿದ್ದು ಬಹಳ ಮಂದಿಗೆ ಗೊತ್ತಿರುವ ಸಂಗತಿ. ಆದರೆ ನೈರ್ಮಲ್ಯ ಎಂಬುದು ಒಂದೇ ದೊಡ್ಡ ಕಾಮಗಾರಿಯಲ್ಲ, ಒಂದಕ್ಕೊಂದು ಕೊಂಡಿ ಬೆಸೆದ ಸರಪಳಿ ಎಂಬುದು ನಿಚ್ಚಳವಾಗಿ ಕಾಣಿಸುವುದು ನಗರದ ಅಂಚಿನ ಊರುಗಳಲ್ಲಿ. ಅವುಗಳಲ್ಲಿ ಲಂಡನ್ನಿನಿಂದ ದಕ್ಷಿಣಕ್ಕೆ ಸುಮಾರು 10 ಮೈಲಿ ದೂರದ ಕ್ರಾಯ್ಡನ್ ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳುವ ಊರಾಗಿ ಕಂಡಿದೆ.

1801ರಲ್ಲಿ ಕ್ರಾಯ್ಡನ್ ಸುಮಾರು 6 ಸಾವಿರ ಜನರ ಸಂತೆಯ ಊರು. 1839ರಲ್ಲಿ ಲಂಡನ್ನಿನಿಂದ ಅಲ್ಲಿಗೆ ರೈಲು ಬಂತು. 1851ರ ಹೊತ್ತಿಗೆ ಜನಸಂಖ್ಯೆ 20 ಸಾವಿರ ಮುಟ್ಟಿತು, 1901ರ ವೇಳೆಗೆ 1 ಲಕ್ಷ 30 ಸಾವಿರವನ್ನು ದಾಟಿತು. ಬೆಳಿಗ್ಗೆ ರೈಲು ಹತ್ತಿ ಲಂಡನ್ನಿನ ಕಚೇರಿಗೆ ಹೋಗಿ ಸಂಜೆ ಹಿಂದಿರುಗುವ ಗುಮಾಸ್ತರಿಗಾಗಿ, ಅವರ ಮನೆಗಳನ್ನು ಕಟ್ಟುವ ಕೂಲಿಗಳಿಗಾಗಿ, ಬಟ್ಟೆ ಒಗೆಯುವವರಿಗಾಗಿ, ಅಂಗಡಿಯವರಿಗಾಗಿ ಸಾಲುಮನೆಗಳು ಎದ್ದವು. ಹಳ್ಳಿಯ ಗಾಳಿ ಆರೋಗ್ಯಕರ ಎಂದು ನಂಬಿ ಜನ ಅಲ್ಲಿಗೆ ಬಂದರು. ಗಾಳಿ ಚೆನ್ನಾಗಿಯೇ ಇತ್ತು, ಕೆಟ್ಟದ್ದು ನೆಲದೊಳಗಿತ್ತು.

ಹಳೆಯ ವ್ಯವಸ್ಥೆ ಸರಳವಾದದ್ದು: ಮನೆಯ ಹಿತ್ತಲಿನಲ್ಲಿ ಒಂದು ಬಾವಿ, ಅದೇ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಕಕ್ಕಸಿನ ಗುಂಡಿ. ಮನೆಗಳು ವಿರಳವಾಗಿದ್ದಾಗ, ಗುಂಡಿಗೆ ಬೀಳುವುದು ಒಣಮಲ ಮಾತ್ರವಾಗಿದ್ದಾಗ, ಅದನ್ನು ಆಗಾಗ ಬಗೆದು ಹೊಲಕ್ಕೆ ಒಯ್ಯುತ್ತಿದ್ದಾಗ, ಈ ವ್ಯವಸ್ಥೆ ಹೇಗೋ ನಡೆಯುತ್ತಿತ್ತು. ಒತ್ತೊತ್ತಾಗಿ ಮನೆಗಳೆದ್ದಾಗ ಒಬ್ಬರ ಗುಂಡಿ ಇನ್ನೊಬ್ಬರ ಬಾವಿಗೆ ಹತ್ತಿರವಾಯಿತು. ಅದರ ಮೇಲೆ ನೀರು ಸುರಿದು ತೊಳೆಯುವ ಹೊಸ ಬಗೆಯ ಕಕ್ಕಸು ಉಳ್ಳವರ ಮನೆಗಳಿಗೆ ಬಂತು. ಮನೆಯೊಳಗೆ ಅದು ಸ್ವಚ್ಛತೆಯ ಸಾಧನ, ನೆಲದೊಳಗೆ ಮಾತ್ರ ಅನಾಹುತ. ನೀರು ಸೇರಿದ ಕೂಡಲೇ ಗುಂಡಿ ತುಂಬಿ, ಜಲ್ಲಿಮಣ್ಣಿನ ಮೂಲಕ ಜಿನುಗಿ, ಸೇದುವ ಬಾವಿಯ ಕಡೆಗೇ ಹರಿಯತೊಡಗಿತು. ಬಾವಿಯಿಂದ ಹೆಚ್ಚು ಸೇದಿದಷ್ಟೂ ಸುತ್ತಲಿನ ನೀರು ಅದರತ್ತ ಹೆಚ್ಚು ಸೆಳೆಯಲ್ಪಡುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡ ಆ ನೀರಿನಲ್ಲಿ ಕಾಲರಾ ಮತ್ತು ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಮನೆಯಿಂದ ಮನೆಗೆ ದಾಟಿದವು. 1848–49ರ ಕಾಲರಾ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು.

ಅದೇ 1848ರಲ್ಲಿ ಬಂದ ಸಾರ್ವಜನಿಕ ಆರೋಗ್ಯ ಕಾಯ್ದೆ ನೈರ್ಮಲ್ಯ ಸುಧಾರಕ ಎಡ್ವಿನ್ ಚಾಡ್ವಿಕ್‌ನ ಹೋರಾಟದ ಫಲ. ದುಡಿಯುವ ಜನರ ವಾಸಸ್ಥಿತಿಯ ಬಗ್ಗೆ ಅವನು 1842ರಲ್ಲಿ ಕೊಟ್ಟ ವರದಿ, ಮ್ಯಾಂಚೆಸ್ಟರಿನ ಕೂಲಿ ಕುಟುಂಬಗಳಲ್ಲಿ ಸಾವಿನ ಸರಾಸರಿ ವಯಸ್ಸು 17, ಹಳ್ಳಿಗಾಡಾದ ರಟ್‌ಲ್ಯಾಂಡಿನಲ್ಲಿ 38 ಎಂದು ತೋರಿಸಿ ಆಳುವವರನ್ನು ಬೆಚ್ಚಿಬೀಳಿಸಿತ್ತು. ಕಾಯ್ದೆಯ ಪ್ರಕಾರ ತೆರಿಗೆ ಕಟ್ಟುವವರಲ್ಲಿ ಹತ್ತರಲ್ಲೊಂದು ಭಾಗ ಅರ್ಜಿ ಹಾಕಿದರೆ, ಅಥವಾ ಊರಿನ ಮರಣ ಪ್ರಮಾಣ ಸಾವಿರಕ್ಕೆ 23ನ್ನು ಮೀರಿದರೆ, ಅಲ್ಲಿ ಸ್ಥಳೀಯ ಆರೋಗ್ಯ ಮಂಡಳಿಯನ್ನು ರಚಿಸಬಹುದಿತ್ತು. ಮಂಡಳಿಗೆ ಸಾಲ ಎತ್ತಿ ಅದನ್ನು 30 ವರ್ಷಗಳಲ್ಲಿ ತೆರಿಗೆಯಿಂದ ತೀರಿಸುವ ಅವಕಾಶವಿತ್ತು. ಓದುವವರು ಸಾಮಾನ್ಯವಾಗಿ ದಾಟಿಹೋಗುವ ಈ ಸಾಲದ ವಿಧಿಯೇ ಇಡೀ ಕಾಯ್ದೆಯ ಜೀವಾಳವೆಂದು ನನ್ನ ಭಾವನೆ. ಇಂದು ನೆಲದಡಿ ಹಾಕುವ ಕೊಳವೆಯ ಖರ್ಚನ್ನು ಇಂದಿನವರೇ ಒಂದೇ ಕಂತಿನಲ್ಲಿ ಹೊರಬೇಕೆಂದರೆ ಯಾವ ಊರೂ ಒಳಚರಂಡಿ ಕಟ್ಟುವುದಿಲ್ಲ.

ಚಾಡ್ವಿಕ್‌ನ ಕಲ್ಪನೆಯಲ್ಲಿ ಊರು ಒಂದು ದೇಹ. ಶುದ್ಧವಾದ ನೀರು ಒತ್ತಡದಲ್ಲಿ ಪ್ರತಿ ಮನೆಗೂ ಬರಬೇಕು, ಅದೇ ನೀರು ಕೊಳೆಯನ್ನು ಹೊತ್ತು ಕೊಳವೆಗಳಲ್ಲಿ ಹೊರಗೆ ಹೋಗಬೇಕು, ಊರಾಚೆಯ ಹೊಲಕ್ಕೆ ಗೊಬ್ಬರವಾಗಿ ಇಳಿಯಬೇಕು. ಈ ಮೂರರಲ್ಲಿ ಯಾವುದನ್ನೂ ಬಿಡುವಂತಿಲ್ಲ ಎಂಬುದು ಅವನ ವಾದವಾಗಿತ್ತು. ರೋಗ ಹರಡುವುದು ದುರ್ಗಂಧದಿಂದ ಎಂದು ಅವನು ಕೊನೆಯವರೆಗೂ ನಂಬಿದ್ದನು. ಆ ನಂಬಿಕೆ ತಪ್ಪಾಗಿದ್ದರೂ, ದುರ್ಗಂಧದ ಮೂಲವನ್ನು ತೆಗೆಯಲು ಹೊರಟಾಗ ರೋಗಾಣುಗಳ ಮೂಲವೂ ಬಹುಮಟ್ಟಿಗೆ ತೊಲಗಿತು.

ಹೊಸ ಕಾಯ್ದೆಯ ಅಡಿಯಲ್ಲಿ ಮೊದಮೊದಲು ಮಂಡಳಿ ರಚಿಸಿಕೊಂಡ ಊರುಗಳಲ್ಲಿ ಕ್ರಾಯ್ಡನ್ ಒಂದು. ಅದರ ಮಂಡಳಿ 1849ರಲ್ಲೇ ಹುಟ್ಟಿತು. ಎರಡೇ ವರ್ಷಗಳಲ್ಲಿ ಸರ್ರೆ ಸ್ಟ್ರೀಟಿನಲ್ಲಿ ಆಳವಾದ ಬಾವಿಯಿಂದ ಉಗಿಯಂತ್ರದಿಂದ ನೀರೆತ್ತಿ ಎತ್ತರದ ಜಲಾಶಯಕ್ಕೆ ತುಂಬುವ ಕೆಲಸ ಮುಗಿಯಿತು. 1851ರ ಡಿಸೆಂಬರಿನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅದನ್ನು ಉದ್ಘಾಟಿಸಿದರು. ಗಾಳಿಯ ಒತ್ತಡದಿಂದ ರೈಲು ಓಡಿಸುವ ಪ್ರಯೋಗವೊಂದು ಕೆಲವೇ ವರ್ಷಗಳ ಹಿಂದೆ ಅದೇ ಊರಿನಲ್ಲಿ ನಡೆದು ಸೋತಿತ್ತು. ಅದರ ಯಂತ್ರಾಗಾರವನ್ನು ಬಿಚ್ಚಿ ತಂದು ಈ ನೀರಿನ ಕೆಲಸಕ್ಕೆ ಮರುಕಟ್ಟಿದರು. ಆ ಕಟ್ಟಡ ಇಂದಿಗೂ ನಿಂತಿದೆ.

ಕೊಳೆನೀರಿಗಾಗಿ ಮಂಡಳಿ ಆರಿಸಿದ್ದು ಸಣ್ಣ ವ್ಯಾಸದ, ಸುಟ್ಟು ಮೆರುಗು ಕೊಟ್ಟ ಜೇಡಿಮಣ್ಣಿನ ಕೊಳವೆಗಳನ್ನು. ಅಲ್ಲಿಯವರೆಗೆ ಒಳಚರಂಡಿ ಎಂದರೆ ಮನುಷ್ಯ ಬಗ್ಗಿ ಒಳಹೋಗಬಹುದಾದ ಇಟ್ಟಿಗೆಯ ಸುರಂಗ. ಇವೆರಡರ ವ್ಯತ್ಯಾಸ ನಮ್ಮವರಿಗೆ ಅರ್ಥವಾಗದ್ದಲ್ಲ. ಒಂದು ಚೊಂಬು ನೀರನ್ನು ಅಗಲವಾದ ಹರಿವಾಣದ ಮೇಲೆ ಚೆಲ್ಲಿದರೆ ಅದು ತೆಳುವಾಗಿ ಹರಡಿ ಅಲ್ಲಲ್ಲೇ ನಿಲ್ಲುತ್ತದೆ, ಅದೇ ನೀರನ್ನು ಮಲೆನಾಡಿನ ಅಡಿಕೆ ದಬ್ಬೆಯಲ್ಲಿ ಬಿಟ್ಟರೆ ಕಸಕಡ್ಡಿಯನ್ನೂ ಎಳೆದುಕೊಂಡು ರಭಸದಿಂದ ಓಡುತ್ತದೆ. ಅಗಲ ತಳದ ಸುರಂಗದಲ್ಲಿ ಮಲ ತಳಕ್ಕಿಳಿದು ಕೂರುತ್ತಿತ್ತು, ಅದನ್ನು ಕೂಲಿಗಳು ಒಳಗಿಳಿದು ಬಗೆಯಬೇಕಾಗುತ್ತಿತ್ತು. ಕಿರಿದಾದ ದುಂಡು ಕೊಳವೆಯಲ್ಲಿ ಸ್ವಲ್ಪವೇ ನೀರು ಕೂಡ ಆಳವಾಗಿ, ಸೆಕೆಂಡಿಗೆ ಎರಡು ಅಡಿಗೂ ಮೀರಿದ ವೇಗದಲ್ಲಿ ಹರಿದರೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ತತ್ವ ಸರಿಯಾಗಿಯೇ ಇತ್ತು, ಇಂದಿನ ಬಡಾವಣೆಗಳ ಒಳಚರಂಡಿಯೂ ಅದೇ ತತ್ವದ ಮೇಲೆ ನಿಂತಿದೆ.

ಆದರೆ 1852ರ ಕೊನೆಯಲ್ಲಿ, ಹೊಸ ನೀರು ಮತ್ತು ಹೊಸ ಕೊಳವೆಗಳು ಬಂದ ಬೆನ್ನಿಗೇ, ಕ್ರಾಯ್ಡನ್ನಿನಲ್ಲಿ ಜ್ವರ ಎದ್ದಿತು. ಆದರ್ಶ ಊರೆಂದು ಮೆರೆಯಬೇಕಾದ ಊರಿನಲ್ಲೇ ಹೀಗಾದದ್ದು ದೇಶದಾದ್ಯಂತ ಸುದ್ದಿಯಾಯಿತು. ಸರ್ಕಾರ ನೀಲ್ ಆರ್ನಾಟ್ ಎಂಬ ವೈದ್ಯನನ್ನೂ ಥಾಮಸ್ ಪೇಜ್ ಎಂಬ ಎಂಜಿನಿಯರನ್ನೂ ತನಿಖೆಗೆ ಕಳಿಸಿತು. ಕೊಳವೆಗಳು ಕಟ್ಟಿಕೊಂಡದ್ದು ಗೊತ್ತಾಯಿತು. ಇಟ್ಟಿಗೆಯ ಪಕ್ಷದ ಎಂಜಿನಿಯರುಗಳು ಇದನ್ನೇ ಹಿಡಿದುಕೊಂಡು ಚಾಡ್ವಿಕ್‌ನ ಮೇಲೆ ಬಿದ್ದರು, ಅವನ ಕಡೆಯವರು ಕೆಲಸದ ಗುಣಮಟ್ಟವನ್ನು ದೂರಿದರು. ಇಷ್ಟು ಮಾತ್ರ ಸ್ಪಷ್ಟ: ಕೊಳವೆ ಕಿರಿದಾದಷ್ಟೂ ಇಳಿಜಾರು, ಕೀಲು ಮತ್ತು ತಳದ ಹಾಸು ಹೆಚ್ಚು ಕರಾರುವಾಕ್ಕಾಗಿರಬೇಕು. ದೊಡ್ಡ ಸುರಂಗ ಸಹಿಸುವ ತಪ್ಪನ್ನು ಸಣ್ಣ ಕೊಳವೆ ಸಹಿಸುವುದಿಲ್ಲ. ಒಂದೇ ಒಂದು ಕೀಲು ತಗ್ಗಿದರೂ ಅಲ್ಲಿ ಚಿಂದಿ ಸಿಕ್ಕಿ, ಹಿಂದಿನ ಕೊಳೆಯೆಲ್ಲ ಮನೆಗಳ ನೆಲಮಾಳಿಗೆಗೆ ಏರುತ್ತದೆ. ಮುಂದಿನ ದಶಕದಲ್ಲಿ ಕ್ರಾಯ್ಡನ್ನಿನ ಎಂಜಿನಿಯರಾಗಿದ್ದ ಬಾಲ್ಡ್‌ವಿನ್ ಲೇಥಮ್, ಇಂಥ ಅನುಭವಗಳ ಬಲದ ಮೇಲೆಯೇ ಆ ಕಾಲದ ಪ್ರಮುಖ ನೈರ್ಮಲ್ಯ ತಜ್ಞರಲ್ಲಿ ಒಬ್ಬನಾದನು.

ಕೊಳವೆ ಸರಿಯಾದ ಮೇಲೆ ಎದ್ದ ಪ್ರಶ್ನೆ, ಅದರ ಕೊನೆ ಎಲ್ಲಿ ಎಂಬುದು. ಕ್ರಾಯ್ಡನ್ನಿನಲ್ಲಿ ಹುಟ್ಟುವ ವಾಂಡಲ್ ಸೀಮೆಸುಣ್ಣದ ಕಲ್ಲಿನ ಬುಗ್ಗೆಗಳಿಂದ ಏಳುವ ತಿಳಿನೀರಿನ ಸಣ್ಣ ನದಿ. ಟ್ರೌಟ್ ಮೀನಿಗೂ, ದಡದುದ್ದಕ್ಕೂ ಇದ್ದ ನೀರಗಿರಣಿಗಳಿಗೂ ಅದು ಹೆಸರಾಗಿತ್ತು. ಮಂಡಳಿಯ ಕೊಳೆನೀರು ಅದಕ್ಕೆ ಹರಿದಾಗ ಕೆಳಗಿನ ದಡದವರು ಕೋರ್ಟಿಗೆ ಹೋದರು. ನನ್ನ ಮನೆ ಸ್ವಚ್ಛವಾಗಲೆಂದು ನಾನು ಕೊಳೆಯನ್ನು ನಿನ್ನ ಬಾಗಿಲಿಗೆ ದಾಟಿಸಬಹುದೇ ಎಂಬ ಈ ವ್ಯಾಜ್ಯ ಅಂದಿನ ಉಪನಗರಗಳಲ್ಲೆಲ್ಲ ಮತ್ತೆ ಮತ್ತೆ ಎದ್ದಿತು.

ಕ್ರಾಯ್ಡನ್ ಕಂಡುಕೊಂಡ ದಾರಿ ಬೆಡಿಂಗ್ಟನ್ನಿನ ಹೊಲ. 1860ರ ಆಸುಪಾಸಿನಲ್ಲಿ ಮಂಡಳಿ ಅಲ್ಲಿ ನೂರಾರು ಎಕರೆ ಭೂಮಿಯ ಮೇಲೆ ಕೊಳೆನೀರು ಹಾಯಿಸತೊಡಗಿತು. ಕೊಳೆಯನ್ನು ಮೊದಲು ಸೋಸಿ ಗಟ್ಟಿ ಭಾಗ ತೆಗೆದು, ಉಳಿದ ನೀರನ್ನು ಏರಿನ ಮೇಲಿನ ಕಾಲುವೆಗಳಲ್ಲಿ ಒಯ್ದು, ಇಳಿಜಾರಾದ ಹುಲ್ಲುಗಾವಲಿನ ಮೇಲೆ ತೆಳುವಾದ ಪದರವಾಗಿ ಬಿಡುತ್ತಿದ್ದರು. ಮಣ್ಣಿನ ಜೀವಿಗಳು ಕೊಳೆಯನ್ನು ತಿನ್ನುತ್ತಿದ್ದವು, ಹುಲ್ಲು ಸಾರಜನಕವನ್ನು ಹೀರುತ್ತಿತ್ತು, ಕೆಳಗಿನ ಕಾಲುವೆ ಸೇರಿದ ನೀರು ನದಿಗೆ ಬಿಡುವಷ್ಟು ತಿಳಿಯಾಗುತ್ತಿತ್ತು. ಇಟಾಲಿಯನ್ ರೈಗ್ರಾಸ್ ಎಂಬ ಹುಲ್ಲು ವರ್ಷಕ್ಕೆ ಹಲವು ಕೊಯ್ಲು ಕೊಡುತ್ತಿತ್ತು, ಅದು ಹಸುಗಳ ಮೇವಾಗುತ್ತಿತ್ತು. ಒಂದು ಮಡಿಗೆ ನೀರು ಬಿಟ್ಟ ಮೇಲೆ ಅದಕ್ಕೆ ಕೆಲವು ದಿನ ವಿರಾಮ ಕೊಡಲೇಬೇಕು, ಇಲ್ಲವಾದರೆ ಮಣ್ಣಿಗೆ ಗಾಳಿ ಸಿಗದೆ ಅದು ಕೊಳೆತು ನಾರುತ್ತದೆ. ಊರಿನ ವೈದ್ಯ ಆಲ್ಫ್ರೆಡ್ ಕಾರ್ಪೆಂಟರ್ ಈ ಪದ್ಧತಿಯ ದೊಡ್ಡ ಸಮರ್ಥಕನಾಗಿ, ಹೊಲದ ಸುತ್ತಲಿನ ಜನ ಆರೋಗ್ಯವಾಗಿದ್ದಾರೆಂದು ವರ್ಷಗಟ್ಟಲೆ ವಾದಿಸಿದನು. ಚಾಡ್ವಿಕ್ ಕನಸು ಕಂಡ ಚಕ್ರ ಇಲ್ಲಿ ನಿಜವಾಗಿ ತಿರುಗಿತು. ಆದರೆ ಬೆಡಿಂಗ್ಟನ್ನಿನ ಜಲ್ಲಿನೆಲ ನೀರಿಂಗಿಸಿದಂತೆ ಸೌತ್ ನಾರ್‌ವುಡ್‌ನಲ್ಲಿ ಮಂಡಳಿ ಮಾಡಿದ ಎರಡನೆಯ ಹೊಲದ ಜೇಡಿಮಣ್ಣು ಇಂಗಿಸುತ್ತಿರಲಿಲ್ಲ. ಊರು ಬೆಳೆದಷ್ಟೂ ಹೊಲವೂ ಬೆಳೆಯಬೇಕಿತ್ತು. ಸೌತ್ ನಾರ್‌ವುಡ್‌ನ ಆ ಹೊಲ ಈಗ ಸಾರ್ವಜನಿಕ ಉದ್ಯಾನ. ಬೆಡಿಂಗ್ಟನ್ನಿನಲ್ಲಿ ಇಂದಿಗೂ ಕೊಳೆನೀರಿನ ಶುದ್ಧೀಕರಣ ನಡೆಯುತ್ತಿದೆ.

ಎಲ್ಲ ಉಪನಗರಗಳಿಗೂ ಇಂಥ ಭೂಮಿ ಒದಗಲಿಲ್ಲ. ಲಂಡನ್ನಿನ ಪೂರ್ವಕ್ಕೆ, ಲೀ ನದಿಯ ಆಚೆಗಿದ್ದ ವೆಸ್ಟ್ ಹ್ಯಾಮ್ ರಾಜಧಾನಿಯ ಆಡಳಿತದ ಗಡಿಗೆ ಹೊರಗಿತ್ತು. ದುರ್ನಾತದ ಕಾರ್ಖಾನೆಗಳನ್ನು ಲಂಡನ್ನಿನೊಳಗೆ ನಿರ್ಬಂಧಿಸಿದ 1844ರ ಕಾಯ್ದೆಯ ನಂತರ ಆ ಕಾರ್ಖಾನೆಗಳು ಅಲ್ಲಿಗೆ ದಾಟಿದವು, ಹಿಂದೆಯೇ ಕೂಲಿಗಳೂ ಬಂದರು. ಬ್ಯಾಜಲ್ಗೆಟ್‌ನ ಉತ್ತರದ ಮಹಾ ಒಳಚರಂಡಿ ವೆಸ್ಟ್ ಹ್ಯಾಮಿನ ನೆತ್ತಿಯ ಮೇಲೆಯೇ, ಎತ್ತರದ ಏರಿಯೊಳಗೆ ಹಾದುಹೋಗುತ್ತದೆ. ಆದರೂ ದಶಕಗಳ ಕಾಲ ಆ ಊರಿನ ಒಂದು ಹನಿ ಕೊಳೆನೀರೂ ಅದನ್ನು ಸೇರುವಂತಿರಲಿಲ್ಲ. 1866ರಲ್ಲಿ ಲಂಡನ್ನಿನ ಬಹುಭಾಗ ಹೊಸ ಒಳಚರಂಡಿಯಿಂದ ರಕ್ಷಿತವಾಗಿದ್ದಾಗ, ಆ ಕೆಲಸ ಇನ್ನೂ ಮುಗಿಯದಿದ್ದ ಪೂರ್ವ ಭಾಗದಲ್ಲಿ ಕಾಲರಾ 5 ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಸಾವಿನ ನಕ್ಷೆಯನ್ನು ನೀರಿನ ಕಂಪನಿಗಳ ನಕ್ಷೆಯೊಂದಿಗೆ ಹೊಂದಿಸಿ ನೋಡಿದ ಅಂಕಿಅಂಶ ತಜ್ಞ ವಿಲಿಯಂ ಫಾರ್, ಲೀ ನದಿಯ ನೀರು ಪೂರೈಸುತ್ತಿದ್ದ ಒಂದೇ ಕಂಪನಿಯ ಪ್ರದೇಶದೊಳಗೆ ಸಾವುಗಳು ಒತ್ತಾಗಿರುವುದನ್ನು ತೋರಿಸಿದನು.

ಇನ್ನು ಮನೆಯೊಳಗಿನ ಕೊಂಡಿ. ಕಕ್ಕಸಿನ ಬೋಗುಣಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ, ಅದೇ ಟ್ರ್ಯಾಪ್. ಆ ನೀರಿನ ಬಿರಡೆ ಚರಂಡಿಯ ಗಾಳಿಯನ್ನು ತಡೆಯುತ್ತದೆ. ಆದರೆ ಮಹಡಿಯ ಮೇಲಿಂದ ಒಮ್ಮೆಲೇ ನೀರು ಧುಮುಕಿದಾಗ ಹಿಂದಿನ ಗಾಳಿ ಸೆಳೆದು ಈ ಬಿರಡೆಯೇ ಖಾಲಿಯಾಗಬಹುದು. ಅದಕ್ಕಾಗಿಯೇ ಕೊಳವೆಯನ್ನು ಮಾಡಿನಿಂದಾಚೆಗೆ ಎತ್ತಿ ವೆಂಟ್ ಪೈಪ್ ಆಗಿ ತೆರೆದುಬಿಟ್ಟರು. 1871ರಲ್ಲಿ ಯುವರಾಜನೇ ಟೈಫಾಯ್ಡ್‌ನಿಂದ ಸಾವಿನ ಅಂಚಿಗೆ ಹೋಗಿಬಂದ ಮೇಲೆ ಚರಂಡಿಯ ಗಾಳಿಯ ಭಯ ಶ್ರೀಮಂತರ ಮನೆಗಳನ್ನೂ ಹೊಕ್ಕಿತು.

ನಿಜವಾದ ಅಪಾಯ ಗಾಳಿಗಿಂತ ಹೆಚ್ಚಾಗಿ ನೀರಿನ ಕೊಳವೆಯಲ್ಲಿತ್ತು. ಅನೇಕ ಕಡೆ ನಲ್ಲಿಯ ನೀರು ದಿನಕ್ಕೆ ಕೆಲವು ಗಂಟೆ ಮಾತ್ರ ಬರುತ್ತಿತ್ತು, ಕಕ್ಕಸಿನ ಬೋಗುಣಿಗೂ ಕುಡಿಯುವ ನೀರಿನ ಕೊಳವೆಯಿಂದಲೇ ನೇರ ಸಂಪರ್ಕವಿರುತ್ತಿತ್ತು. ಮುಖ್ಯ ಕೊಳವೆಯಲ್ಲಿ ನೀರು ನಿಂತ ಕೂಡಲೇ ಒಳಗೆ ನಿರ್ವಾತ ಉಂಟಾಗಿ, ಹೀರುಗೊಳವೆಯಂತೆ, ಬೋಗುಣಿಯ ಕೊಳೆಯೇ ಕುಡಿಯುವ ನೀರಿನೊಳಗೆ ಸೆಳೆಯಲ್ಪಡುತ್ತಿತ್ತು. 1873ರಲ್ಲಿ ಕೇಂಬ್ರಿಜ್‌ನ ಕೀಸ್ ಕಾಲೇಜಿನ ಹೊಸ ಕಟ್ಟಡವೊಂದರ ವಿದ್ಯಾರ್ಥಿಗಳಿಗೆ ಟೈಫಾಯ್ಡ್ ಬಂದಾಗ ಸರ್ಕಾರದ ವೈದ್ಯಕೀಯ ತನಿಖಾಧಿಕಾರಿ ಜಾರ್ಜ್ ಬುಕಾನನ್ ಇದನ್ನೇ ಪತ್ತೆಹಚ್ಚಿದನು. 1875ರಲ್ಲಿ ಕ್ರಾಯ್ಡನ್ನಿಗೆ ಟೈಫಾಯ್ಡ್ ಮತ್ತೆ ಬಂದಾಗಲೂ ಅನುಮಾನ ನೀರಿನ ಕೊಳವೆಗಳ ಕಡೆಗೇ ಹರಿಯಿತು. ಕಕ್ಕಸಿಗೆ ಪ್ರತ್ಯೇಕವಾದ ಫ್ಲಷ್ ಟ್ಯಾಂಕ್ ಇರಲೇಬೇಕೆಂಬ ನಿಯಮದ ಹಿಂದೆ ನೀರಿನ ಮಿತವ್ಯಯದ ಜೊತೆಗೆ ಈ ಕಾರಣವೂ ಇದೆ. ಟ್ಯಾಂಕಿಗೆ ಮೇಲಿಂದ ಬೀಳುವ ನೀರಿಗೂ ಒಳಗಿನ ನೀರಿಗೂ ನಡುವೆ ಇರುವ ಗಾಳಿಯ ಅಂತರವೇ ಊರಿನ ಕುಡಿಯುವ ನೀರನ್ನು ಕಾಯುತ್ತದೆ. ನೀರು ಬಿಟ್ಟು ಬಿಟ್ಟು ಬರುವ ಊರುಗಳಲ್ಲಿ ಇರುವ ನಾವು ಈ ಮಾತನ್ನು ಸ್ವಲ್ಪ ನಿಂತು ಓದಬೇಕು.

ಇಷ್ಟೆಲ್ಲವನ್ನೂ ಅರ್ಜಿ ಹಾಕಿದ ಊರುಗಳ ಪಾಲಿಗೆ ಮಾತ್ರ ಬಿಡಲಾಗದೆಂಬುದು ನಿಧಾನವಾಗಿ ಮನವರಿಕೆಯಾಯಿತು. 1872ರ ಕಾಯ್ದೆ ದೇಶವನ್ನೆಲ್ಲ ನೈರ್ಮಲ್ಯ ಜಿಲ್ಲೆಗಳಾಗಿ ವಿಂಗಡಿಸಿ, ಪ್ರತಿ ಜಿಲ್ಲೆಗೂ ಆರೋಗ್ಯಾಧಿಕಾರಿ ಇರಬೇಕೆಂದು ವಿಧಿಸಿತು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಹಿಂದಿನ ಚದುರಿದ ವಿಧಿಗಳನ್ನು ಒಟ್ಟುಗೂಡಿಸಿ, ಚರಂಡಿ ಮತ್ತು ಕಕ್ಕಸಿಲ್ಲದೆ ಹೊಸ ಮನೆ ಕಟ್ಟುವುದನ್ನು ನಿಷೇಧಿಸಿತು. 1877ರಲ್ಲಿ ಬಂದ ಮಾದರಿ ಬೈಲಾಗಳು ಹೊಸ ರಸ್ತೆಗೆ 36 ಅಡಿ ಅಗಲವನ್ನೂ, ಪ್ರತಿ ಮನೆಯ ಹಿಂದೆ ಕನಿಷ್ಠ 150 ಚದರ ಅಡಿ ತೆರೆದ ಜಾಗವನ್ನೂ ಸೂಚಿಸಿದವು. ಇಂಗ್ಲೆಂಡಿನ ಉಪನಗರಗಳಲ್ಲಿ ಇಂದಿಗೂ ಮೈಲಿಗಟ್ಟಲೆ ಕಾಣುವ ಒಂದೇ ಬಗೆಯ ನೇರ ಸಾಲುಮನೆಗಳು ಈ ಬೈಲಾಗಳ ಕೂಸುಗಳು. ಮನೆಗಳ ಹಿಂಭಾಗದಲ್ಲಿ ಮಲ ಸಾಗಿಸಲೆಂದೇ ಓಣಿ ಬಿಡುವ ಪದ್ಧತಿ ಆ ದೇಶದ ಅನೇಕ ಊರುಗಳಲ್ಲಿತ್ತು; 1898ರ ಪ್ಲೇಗಿನ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರಗಳ ಕನ್ಸರ್ವೆನ್ಸಿ ಓಣಿಗಳು ಅದೇ ಆಲೋಚನೆಯ ನಮ್ಮ ರೂಪ.

ಆರೋಗ್ಯ ತನಿಖೆಯ ಕೆಲಸ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಕ್ರಾಯ್ಡನ್ನಿನಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರದ ಕೇಟರಮ್ ಸಾಕ್ಷಿ. 1879ರ ಆರಂಭದಲ್ಲಿ ಅಲ್ಲಿಯೂ ಪಕ್ಕದ ರೆಡ್‌ಹಿಲ್‌ನಲ್ಲಿಯೂ ಟೈಫಾಯ್ಡ್ ಇದ್ದಕ್ಕಿದ್ದಂತೆ ಹಬ್ಬಿ, ಒಟ್ಟು 352 ಮಂದಿಗೆ ತಗುಲಿ, 21 ಮಂದಿ ಸತ್ತರು. ಎರಡು ಊರುಗಳಿಗೂ ಒಂದೇ ಕಂಪನಿಯ ನೀರು. ತಮ್ಮದೇ ಬಾವಿಯ ನೀರು ಕುಡಿಯುತ್ತಿದ್ದ ಕೇಟರಮ್‌ನ ದೊಡ್ಡ ಮಾನಸಿಕ ಆಸ್ಪತ್ರೆಗೆ ರೋಗ ಸೋಕಲಿಲ್ಲ. ತನಿಖೆಗೆ ಬಂದ ಡಾಕ್ಟರ್ ರಿಚರ್ಡ್ ಥಾರ್ನ್ ಥಾರ್ನ್ ಕಂಪನಿಯ ಬಾವಿಯ ಕಡೆಗೆ ತಿರುಗಿದನು. ಆ ಜನವರಿಯಲ್ಲಿ ಬಾವಿಯ ತಳದಲ್ಲಿ ಹೊಸ ಸುರಂಗ ಕೊರೆಯಲಾಗುತ್ತಿತ್ತು. ಒಬ್ಬ ಕೂಲಿಗೆ ಭೇದಿ ಹಿಡಿದಿತ್ತು. ಅದು ಟೈಫಾಯ್ಡ್ ಎಂದು ಅವನಿಗೇ ತಿಳಿದಿರಲಿಲ್ಲ. ಮೇಲೆ ಹತ್ತಿಬರಲಾಗದೆ ಅವನು ಮಣ್ಣೆತ್ತುವ ಬಕೆಟ್ಟನ್ನೇ ಬಳಸಬೇಕಾಯಿತು, ಬಕೆಟ್ಟು ಮೇಲೇರುವಾಗ ಅಲುಗಾಡಿ ತುಳುಕಿತು. ಆ ಮನುಷ್ಯನನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಸಾವಿರಾರು ಜನ ಕುಡಿಯುವ ನೀರಿನೊಳಗೆ ಕೂಲಿಯನ್ನು ಇಳಿಸಿದವರು ಅವನ ದೇಹದ ಅಗತ್ಯವನ್ನು ಯೋಚಿಸಲಿಲ್ಲ. ಬಾವಿಯನ್ನು ಖಾಲಿ ಮಾಡಿ ಬ್ಲೀಚಿಂಗ್ ಪುಡಿಯಿಂದ ತೊಳೆದರು, ರೋಗ ನಿಂತಿತು. ಟೈಫಾಯ್ಡ್‌ನ ರೋಗಾಣುವನ್ನು ಜರ್ಮನಿಯ ವಿಜ್ಞಾನಿ ಎಬರ್ಟ್ ಗುರುತಿಸಿದ್ದು ಅದರ ಮರುವರ್ಷ, 1880ರಲ್ಲಿ.

ಇಷ್ಟೆಲ್ಲದರ ಫಲ ಸಾವಿನ ಲೆಕ್ಕದಲ್ಲಿ ಕಾಣಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಮರಣ ಪ್ರಮಾಣ 1840ರಿಂದ ಮೂರು ದಶಕ ಸಾವಿರಕ್ಕೆ 22ರ ಸುತ್ತಲೇ ನಿಂತಿತ್ತು, 1890ರ ದಶಕದಲ್ಲಿ ಅದು 18ರ ಸಮೀಪಕ್ಕೆ ಇಳಿಯಿತು. ಟೈಫಾಯ್ಡ್‌ನ ಸಾವುಗಳು 1870ರ ದಶಕಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಬಂದವು. 1866ರ ನಂತರ ಕಾಲರಾ ಆ ದೇಶದಲ್ಲಿ ಮತ್ತೆ ಸಾಂಕ್ರಾಮಿಕವಾಗಿ ತಲೆಯೆತ್ತಲಿಲ್ಲ. ಆಹಾರ ಉತ್ತಮಗೊಂಡದ್ದಕ್ಕೂ ಇದರಲ್ಲಿ ಪಾಲಿದೆ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ನಡೆದಿದೆ. ಆದರೆ ನೀರಿನಿಂದ ಬರುವ ರೋಗಗಳ ಮಟ್ಟಿಗೆ ಹೆಚ್ಚಿನ ಶ್ರೇಯಸ್ಸು ಕೊಳವೆಗಳಿಗೇ ಸಲ್ಲಬೇಕು.

ಕೊಳವೆಗಳು ಮುಟ್ಟಲಾಗದ ಸಾವು ಹಸುಗೂಸುಗಳದ್ದು. 1899ರಲ್ಲಿಯೂ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 163 ಮಕ್ಕಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು, ಬಿಸಿಲಿನ ತಿಂಗಳುಗಳಲ್ಲಿ ಭೇದಿ ಅವುಗಳನ್ನು ಗುಂಪುಗುಂಪಾಗಿ ಒಯ್ಯುತ್ತಿತ್ತು. ರಸ್ತೆಯ ಕುದುರೆ ಲದ್ದಿಯಿಂದ ಏಳುವ ನೊಣಗಳು, ಹತ್ತಾರು ಮೈಲಿ ರೈಲಿನಲ್ಲಿ ಬಂದು ಬಾಡಿಗೆ ಕೋಣೆಯ ಕಿಟಕಿಯ ಬಳಿ ತೆರೆದ ಮಗ್ಗಿನಲ್ಲಿ ಕೂರುವ ಹಾಲು, ಆ ಹಾಲು ಕುಡಿಸುವ ಉದ್ದ ರಬ್ಬರ್ ನಳಿಕೆಯ ಶೀಸೆ, ಇವು ಯಾವ ಒಳಚರಂಡಿಯ ವ್ಯಾಪ್ತಿಗೂ ಬರುತ್ತಿರಲಿಲ್ಲ. ಹಾಲು ರೋಗ ಒಯ್ಯುತ್ತದೆಂಬ ಎಚ್ಚರಿಕೆ ಹೊಸದೇನೂ ಆಗಿರಲಿಲ್ಲ. ಇಸ್ಲಿಂಗ್ಟನ್ನಿನ ಆರೋಗ್ಯಾಧಿಕಾರಿ ಎಡ್ವರ್ಡ್ ಬಲ್ಲಾರ್ಡ್ 1870ರಲ್ಲೇ ತನ್ನ ಪ್ರದೇಶದ ಟೈಫಾಯ್ಡನ್ನು ಒಂದು ಹೈನುಮನೆಯ ಹಾಲಿನವರೆಗೆ ಹಿಂಬಾಲಿಸಿದ್ದನು. ವಿಕ್ಟೋರಿಯಾ ರಾಣಿ ತೀರಿಕೊಂಡ ಮರುವರ್ಷ, 1902ರಲ್ಲಿ, ದಕ್ಷಿಣ ಲಂಡನ್ನಿನ ಬ್ಯಾಟರ್ಸಿಯ ಪುರಸಭೆ ಕುದಿಸಿ ಶುದ್ಧಗೊಳಿಸಿದ ಹಾಲನ್ನು ಮುಚ್ಚಿದ ಶೀಸೆಗಳಲ್ಲಿ ತಾಯಂದಿರಿಗೆ ಮಾರುವ ಕೇಂದ್ರವೊಂದನ್ನು ತೆರೆಯಿತು.